ಇಸ್ಪೀಟ್ ಅಲ್ಲ ಕಾಕಾ

"ಜಪಾನಿಗೆ ಹೋಗಿ ಇಸ್ಪೀಟ್ ಕಲ್ತು ಬಂದಿ ಏನಪಾ? ಈಗ ಈ ಹುಡುಗಗೂ ಹಚ್ಚಲಾಕತ್ತಿ?"

ಕಳೆದ ಮೇ ತಿಂಗಳಲ್ಲಿ ಕಲಬುರಗಿಗೆ ಹೋದಾಗ ಪಕ್ಕದ ಮನೆ ಕಾಕಾ ಕೇಳಿದ ಮಾತಿದು. ನಾನೂ ಅಕ್ಕನ ಮಗನೂ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಪೋಕೆಮಾನ್ ಅನ್ನುವ ಜಪಾನಿ ಕಾರ್ಟೂನ್ ಪ್ರಾಣಿಗಳ ಚಿತ್ರದ ಕಾರ್ಡ್ ಆಡುತ್ತಿದ್ದೆವು. ಅವನಿಗೆ 11 ವರ್ಷ. ಕಾಕಾ ಒಳಗೆ ಬಂದರು, ಕೈಯಲ್ಲಿ ಎಲೆ ಕಂಡರು, ಅಷ್ಟೇ. ಚಿತ್ರ ನೋಡಲಿಲ್ಲ, ಯಾವ ಆಟ ಅಂತ ಕೇಳಲಿಲ್ಲ. ಅವ್ವ ಅಡುಗೆಮನೆಯಿಂದಲೇ "ಎತ್ತಿಡ್ರೋ ಅದನ್ನ, ಮಂದಿ ಏನಂದಾರು" ಅಂದಳು. ಹುಡುಗ ಕೈಯಲ್ಲಿದ್ದ ಎಲೆಗಳನ್ನು ಸರಕ್ಕನೆ ಚಾಪೆ ಕೆಳಗೆ ತಳ್ಳಿದ.

ಕಾಕಾ ಅಂದದ್ದು ಅಷ್ಟು ನಾಟಲಿಲ್ಲ. ಆ ಹುಡುಗ ಬಚ್ಚಿಟ್ಟನಲ್ಲ, ಅದು ನಾಟಿತು. ಬಚ್ಚಿಡು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಅವನ ವಯಸ್ಸಿನಲ್ಲಿ ಹೀಗೇ ಬಚ್ಚಿಡುತ್ತಿದ್ದೆ.

ನಾನಿರುವುದು ಟೋಕಿಯೋದ ನಿಶಿ ಕಸಾಯಿಯಲ್ಲಿ. ಇಲ್ಲಿ ನಮ್ಮ ದೇಶದವರು ಜಾಸ್ತಿ, ತೊಗರಿ ಬೇಳೆಗೂ ತೊಂದರೆ ಇಲ್ಲ. ಬಂದ ಹೊಸದರಲ್ಲಿ ಆಫೀಸಿನ ಗೆಳೆಯನೊಬ್ಬ ಅಕಿಹಬಾರಕ್ಕೆ, ಗೇಮು ಕಾರ್ಟೂನಿನ ಅಂಗಡಿಗಳೇ ತುಂಬಿದ ಬಡಾವಣೆಗೆ, ಕರೆದುಕೊಂಡು ಹೋದ. ಇಕ್ಕಟ್ಟಾದ ಲಿಫ್ಟು, ನಾಲ್ಕನೇ ಮಹಡಿ, ಕಾರ್ಡಿನ ಅಂಗಡಿ. ಮುಂದೆ ಗಾಜಿನ ಕಪಾಟು, ಹಿಂದೆ ಉದ್ದ ಮೇಜುಗಳು, ಮಡಚುವ ಕುರ್ಚಿಗಳು, ಟ್ಯೂಬ್‌ಲೈಟ್. ನಮ್ಮೂರಿನ ಟ್ಯೂಷನ್ ಕ್ಲಾಸಿನ ರೂಮಿನ ಹಾಗೇ ಇತ್ತು. ಒಂದು ಮೇಜಿನ ಈ ಕಡೆ ಸ್ಕೂಲ್ ಯೂನಿಫಾರ್ಮಿನ ಹುಡುಗ, ಆ ಕಡೆ ಟೈ ಕಟ್ಟಿದ ನಡುವಯಸ್ಸಿನ ಮನುಷ್ಯ. ಇಬ್ಬರಿಗೂ ಮೊದಲು ಪರಿಚಯ ಇದ್ದ ಹಾಗೆ ಕಾಣಲಿಲ್ಲ. ಆಟ ಶುರುವಾಗುವ ಮುಂಚೆ ಇಬ್ಬರೂ ತಲೆ ಬಗ್ಗಿಸಿ, ವಿನಯದಿಂದ ಕೇಳಿಕೊಳ್ಳುವ ಮಾತಾಗಿ, "ಯೊರೊಶಿಕು ಒನೆಗಾಯಿಶಿಮಾಸು" ಅಂದರು. ಅರ್ಧ ಗಂಟೆ ಆಡಿದರು. ಹುಡುಗ ಗೆದ್ದ. ಟೈ ಕಟ್ಟಿದವರು ಮತ್ತೆ ತಲೆ ಬಗ್ಗಿಸಿ ಥ್ಯಾಂಕ್ಸ್ ಹೇಳಿ, ಎಲೆಗಳನ್ನು ಡಬ್ಬಿಗೆ ಹಾಕಿಕೊಂಡು, ಬ್ಯಾಗು ಹೆಗಲಿಗೆ ಏರಿಸಿಕೊಂಡು ಹೋದರು.

ನಾನು ಅಲ್ಲೇ ನಿಂತುಬಿಟ್ಟೆ. ಹತ್ತು ವರ್ಷದ ಹುಡುಗನ ಎದುರು ಸೋತು ಥ್ಯಾಂಕ್ಸ್ ಹೇಳಿ ಹೋಗುವ ದೊಡ್ಡವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ನಮ್ಮ ಕಾಲದಲ್ಲಿ ಸೂಪರ್ ಮಾರ್ಕೆಟ್ ಹತ್ತಿರ ಒಂದು ಓಣಿಯಲ್ಲಿ ವಿಡಿಯೋ ಗೇಮ್ ಅಂಗಡಿ ಇತ್ತು. ಬಾಗಿಲಿಗೆ ದಪ್ಪ ಪರದೆ. ಒಳಗೆ ಕತ್ತಲೆ, ಬೆವರಿನ ವಾಸನೆ, ಮೂರು ಮಷಿನ್. ಒಂದು ರೂಪಾಯಿ ಹಾಕಿದರೆ ಒಂದು ಆಟ. ನಾವೆಲ್ಲ 'ಮುಸ್ತಫಾ' ಅಂತ ಕರೆಯುತ್ತಿದ್ದ ಆಟದ ನಿಜವಾದ ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್', 1993ರಲ್ಲಿ ಜಪಾನಿನ ಕ್ಯಾಪ್ಕಾಮ್ ಮಾಡಿದ್ದು ಅನ್ನುವುದು ನನಗೆ ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ. ಅದರೊಳಗಿನ ಮುಸ್ತಫಾ ಅನ್ನುವ ಪಾತ್ರವನ್ನು ನಾನು ಎಷ್ಟು ಚೆನ್ನಾಗಿ ಆಡುತ್ತಿದ್ದೆ ಅಂದರೆ ನನಗಿಂತ ದೊಡ್ಡ ಹುಡುಗರು ತಮ್ಮ ರೂಪಾಯಿ ಕೊಟ್ಟು ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು. ಆದರೆ ಆ ಪರದೆ ಸರಿಸಿ ಹೊರಗೆ ಬರುವಾಗ ಮೊದಲು ಓಣಿಯ ಎರಡೂ ಕಡೆ ನೋಡಬೇಕಿತ್ತು. ಅಪ್ಪನ ಪರಿಚಯದವರು ಯಾರಾದರೂ ಬರುತ್ತಿದ್ದಾರಾ ಅಂತ. ಒಂದು ದಿನ ಸಿಕ್ಕಿಬಿದ್ದೆ. ಏಟು ಬಿತ್ತು. ಯಾವ ಆಟ, ಎಷ್ಟು ದೂರ ಹೋಗಿದ್ದೆ ಅಂತ ಯಾರೂ ಕೇಳಲಿಲ್ಲ. "ಅಂಥಾ ಜಾಗಕ್ಕ ಯಾಕ ಹೋದಿ" ಅನ್ನುವುದೊಂದೇ ಪ್ರಶ್ನೆ.

ನಮ್ಮಲ್ಲಿ ಆಟಕ್ಕೆ ಬೆಲೆ ಕಟ್ಟುವುದು ಆಡುವ ಜಾಗ ನೋಡಿ. ಆ ಜಾಗಕ್ಕೆ ಪರದೆ ಹಾಕಿದವರೂ ನಾವೇ ಅಲ್ವಾ? ಕತ್ತಲೆಯಲ್ಲಿ ಇಟ್ಟು, ಆಮೇಲೆ ಕತ್ತಲೆಯಲ್ಲಿದೆ ಅಂತ ಬೈಯುವುದು. ಟೋಕಿಯೋದಲ್ಲಿ ನಾನು ಕಂಡ ದೊಡ್ಡ ವ್ಯತ್ಯಾಸ ಒಂದು ಮೇಜು ಮತ್ತು ಒಂದು ದೀಪ. ಕೆಲವು ಅಂಗಡಿಯಲ್ಲಿ ಪುಕ್ಕಟೆ, ಕೆಲವು ಕಡೆ ಸ್ವಲ್ಪ ದುಡ್ಡು. ಅಷ್ಟು ಇದ್ದರೆ ಸಾಕು, ಮಗುವೂ ಬಂದು ಕೂರುತ್ತದೆ, ಮುದುಕರೂ ಬಂದು ಕೂರುತ್ತಾರೆ.

ಎಲೆ ಅಂದರೆ ಜೂಜು ಅನ್ನುವುದು ಜಪಾನಿಗೇನೂ ಹೊಸದಲ್ಲ. ಹಿಂದಿನ ಕಾಲದಲ್ಲಿ ಅಲ್ಲಿನ ಸರ್ಕಾರ ಎಲೆ ಆಟಗಳನ್ನು ಮತ್ತೆ ಮತ್ತೆ ನಿಷೇಧ ಮಾಡಿತ್ತು. ಹನಫುಡಾ ಅಂತ 48 ಎಲೆಗಳ ಆಟ ಇದೆ, 12 ತಿಂಗಳಿಗೆ ನಾಲ್ಕು ನಾಲ್ಕು ಎಲೆ, ಒಂದೊಂದು ತಿಂಗಳಿಗೆ ಒಂದೊಂದು ಹೂವು ಗಿಡ. ಜೂಜುಕೋರರ ಕೈಯಲ್ಲಿ ಅದು ಚೆನ್ನಾಗಿಯೇ ಓಡಾಡಿದೆ. ಆ ಎಲೆಗಳನ್ನು ಮಾಡಲೆಂದೇ 1889ರಲ್ಲಿ ಕ್ಯೋಟೋದಲ್ಲಿ ಶುರುವಾದ ಅಂಗಡಿಯೇ ನಿಂಟೆಂಡೋ. ಅದೇ ನಿಂಟೆಂಡೋ 1983ರಲ್ಲಿ ಫ್ಯಾಮಿಕಾಮ್ ಅನ್ನುವ ವಿಡಿಯೋ ಗೇಮ್ ಮಷಿನ್ ತಂದಿತು. ನಮ್ಮ ಟಿವಿಗೆ ಸಿಕ್ಕಿಸಿ, ಕ್ಯಾಸೆಟ್ಟಿಗೆ ಬಾಯಿಂದ ಉಫ್ ಅಂತ ಊದಿ ಆಡುತ್ತಿದ್ದೆವಲ್ಲ, ಆ ಮಷಿನ್ ಅದರದ್ದೇ ನಕಲು. ಪೋಕೆಮಾನ್ ವಿಡಿಯೋ ಗೇಮ್ ಬಂದಿದ್ದು 1996ರ ಫೆಬ್ರವರಿಯಲ್ಲಿ, ಕೈಯಲ್ಲಿ ಹಿಡಿದು ಆಡುವ ನಿಂಟೆಂಡೋದ ಗೇಮ್ ಬಾಯ್ ಮೇಲೆ. ಅದೇ ವರ್ಷ ಅಕ್ಟೋಬರಿನಲ್ಲಿ ಅದರ ಕಾರ್ಡ್ ಬಂತು. ಜೂಜಿನ ಎಲೆಯಿಂದ ಸ್ಕೂಲ್ ಬ್ಯಾಗಿನ ಎಲೆಯವರೆಗೆ ಅವರು ನಡೆದು ಬಂದರು. ನಾವು ಇಸ್ಪೀಟಿನ ಹತ್ತಿರವೇ ನಿಂತಿದ್ದೇವೆ.

ನಿಲ್ಲುವ ಕಾರಣವೇ ಇಲ್ಲ. ನಮ್ಮಲ್ಲೂ ಗಂಜೀಫಾ ಅಂತ ಚಿತ್ರ ಬರೆದ ಎಲೆಗಳ ಹಳೆಯ ಆಟ ಇತ್ತು. ದಶಾವತಾರ ಗಂಜೀಫಾದಲ್ಲಿ ಒಂದೊಂದು ಅವತಾರಕ್ಕೆ 12 ಎಲೆ, ಒಟ್ಟು 120. ಅದನ್ನು ಕೈಯಲ್ಲಿ ಹಿಡಿದು, ಬಿದ್ದ ಎಲೆಯ ಲೆಕ್ಕ ಇಟ್ಟು ಆಡುವುದು ಸುಮ್ನೆ ಮಾತಲ್ಲ. ರಮ್ಮಿಯನ್ನೂ ಬಹುಪಾಲು ಜಾಣತನದ ಆಟ ಅಂತ 1968ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆ ಕೇಸು ಬಂದಿದ್ದು ಎಲ್ಲಿಂದ? ನಮ್ಮ ಪಕ್ಕದ ಸಿಕಂದರಾಬಾದಿನಿಂದ. ಇದನ್ನು ಕಾಕಾನಿಗೆ ಹೇಳಿದೆ. "ಕೋರ್ಟಿನ ಮಾತು ಮನ್ಯಾಗ ನಡ್ಯಾಂಗಿಲ್ಲಪಾ" ಅಂದರು.

ಜಾಣತನ ಎಲ್ಲಿದೆ ಅಂತ ಹೇಳುತ್ತೇನೆ. ಪೋಕೆಮಾನ್ ಡೆಕ್ ಅಂದರೆ ಆಡುವವರು ತಾವೇ ಆರಿಸಿ ಕಟ್ಟಿಕೊಂಡ 60 ಕಾರ್ಡು, ಒಂದು ಹೆಚ್ಚಿಲ್ಲ ಒಂದು ಕಡಿಮೆ ಇಲ್ಲ. ಒಂದೇ ಹೆಸರಿನದು 4ಕ್ಕಿಂತ ಜಾಸ್ತಿ ಹಾಕುವಂತಿಲ್ಲ, ಪೆಟ್ಟು ಕೊಡಲು ಬೇಕಾಗುವ ಶಕ್ತಿಯ ಕಾರ್ಡು, ಅಂದರೆ ಬೇಸಿಕ್ ಎನರ್ಜಿ, ಬಿಟ್ಟು. ಮೊದಲಿಗೆ 7 ಎಲೆ ಕೈಗೆ, 6 ಎಲೆ ಬೋರಲು ಹಾಕಿ ಬಹುಮಾನದ ಸಾಲು, ಎದುರಿನವರ ಪೋಕೆಮಾನ್ ಬಿದ್ದಾಗ ಮಾತ್ರ ಅದರಿಂದ ಎತ್ತಿಕೊಳ್ಳಬಹುದು. ಹೊಸಬರು ಎಡವುವುದು ಇಲ್ಲೇ. ಜೋರು ಕಾರ್ಡುಗಳನ್ನೆಲ್ಲ ಒಂದೊಂದು ತುಂಬಿಬಿಡುತ್ತಾರೆ. ಆದರೆ ಒಂದೇ ಒಂದು ಹಾಕಿದ ಕಾರ್ಡು ಹತ್ತರಲ್ಲಿ ಒಂದು ಸಲ ಆ ಬಹುಮಾನದ ಸಾಲಿನಲ್ಲೇ ಸಿಕ್ಕಿಕೊಂಡಿರುತ್ತದೆ, ಬೇಕಾದಾಗ ಬರುವುದಿಲ್ಲ. ನಾಲ್ಕೂ ಹಾಕಿದ ಕಾರ್ಡು ಕೂಡ ಮೊದಲ 7 ಎಲೆಯಲ್ಲಿ ಬರುವುದು ನೂರಕ್ಕೆ ಸುಮಾರು 40 ಸಲ ಮಾತ್ರ. ಆಟ ಶುರು ಮಾಡಲು ಬೇಕೇ ಬೇಕಾದ ಬೇಸಿಕ್ ಪೋಕೆಮಾನ್ 10 ಇಟ್ಟುಕೊಂಡರೆ, ನಾಲ್ಕರಲ್ಲಿ ಒಂದು ಆಟಕ್ಕೆ ಮೊದಲ ಕೈಯಲ್ಲಿ ಒಂದೂ ಇರುವುದಿಲ್ಲ. ಆಗ ಕೈ ಬಿಚ್ಚಿ ಎದುರಿನವರಿಗೆ ತೋರಿಸಿ, ಕಲಸಿ, ಮತ್ತೆ ಎಳೆಯಬೇಕು. ಈ ಲೆಕ್ಕ ಮಾಡಿ, ಇಷ್ಟವಾದ ಕಾರ್ಡನ್ನು ಹೊಟ್ಟೆ ಉರಿದುಕೊಂಡು ತೆಗೆದಿಡುವುದೇ ಡೆಕ್ ಕಟ್ಟುವುದು. ಗೆದ್ದವರ ಡೆಕ್ಕನ್ನು ಇಂಟರ್ನೆಟ್ಟಿನಿಂದ ಎಲೆಗೆ ಎಲೆ ನಕಲು ಮಾಡಿ ಆಡುವವರೂ ಇದ್ದಾರೆ, ನನಗೆ ಅದು ರುಚಿಸುವುದಿಲ್ಲ. ಯಾವುದನ್ನು ಯಾಕೆ ಬಿಟ್ಟರು ಅಂತ ಗೊತ್ತಿಲ್ಲದ ಡೆಕ್ ಕೈಗೆ ಒಗ್ಗುವುದಿಲ್ಲ. ಫೋನಿನ ಮೇಲೂ ಇದೇ ಆಟದ ಚಿಕ್ಕ ರೂಪ ಇದೆ, 2024ರಲ್ಲಿ ಬಂದ ಪೋಕೆಮಾನ್ ಪಾಕೆಟ್. 20 ಕಾರ್ಡು, 3 ಪಾಯಿಂಟ್ ಆದರೆ ಗೆಲುವು, ರೈಲಿನಲ್ಲಿ ಮೂರು ಸ್ಟೇಷನ್ ಬರುವಷ್ಟರಲ್ಲಿ ಮುಗಿಯುತ್ತದೆ. ಅದೂ ಆಡುತ್ತೇನೆ. ಆದರೆ ಎದುರಿಗೆ ಮುಖ ಇಲ್ಲ.

ಅಕ್ಕನ ಮಗನಿಗೆ ಈ 60ರ ಲೆಕ್ಕ ಎರಡೇ ದಿನದಲ್ಲಿ ಬಂತು. ಗಣಿತದಲ್ಲಿ ಹಿಂದೆ ಅಂತ ಮನೆಯಲ್ಲೆಲ್ಲ ಬೈಸಿಕೊಳ್ಳುವ ಹುಡುಗ. ನಾನು ಒಯ್ದಿದ್ದು ಜಪಾನಿ ಭಾಷೆಯ ಕಾರ್ಡುಗಳು. ಅದಕ್ಕೆ ಒಂದೊಂದಕ್ಕೂ ಕನ್ನಡದಲ್ಲಿ ಸಣ್ಣ ಚೀಟಿ ಬರೆದು, ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಸಿಕ್ಕಿಸಿದ್ದೆ. ಬೆಳಗ್ಗೆ ಹತ್ತಕ್ಕೇ ಬಿಸಿಲು ನೆತ್ತಿ ಸುಡುತ್ತಿತ್ತು. ಫ್ಯಾನ್ ಹಾಕಿದರೆ ಎಲೆ ಹಾರುತ್ತವೆ, ಆರಿಸಿದರೆ ಬೆವರಿಗೆ ಕವರು ಒಂದಕ್ಕೊಂದು ಅಂಟುತ್ತವೆ. ಕೊನೆಗೆ ಫ್ಯಾನನ್ನು ಒಂದಕ್ಕೆ ಇಟ್ಟು, ಡೆಕ್ಕಿನ ಮೇಲೆ ಕಂಚಿನ ವಾಟಿ ಬೋರಲು ಹಾಕಿದೆವು. ಎಷ್ಟು ಪೆಟ್ಟು ಬಿತ್ತು ಅಂತ ಗುರುತಿಡಲು ಇಲ್ಲಿ ದಾಳ ಇಡುತ್ತಾರೆ. ನಾನು ಅದನ್ನು ಮರೆತು ಬಂದಿದ್ದೆ. ಹುಡುಗ ಅಡುಗೆಮನೆಗೆ ಹೋಗಿ ಒಂದು ಹಿಡಿ ತೊಗರಿ ಬೇಳೆ ತಂದ. ಒಂದು ಬೇಳೆ ಅಂದರೆ 10. "ಮಾಮಾ, ನಿನ್ನ ಪಿಕಾಚೂಗ ಎಂಟ್ ಬೇಳಿ ಬಿತ್ತು, ಸತ್ತ" ಅಂತ ಅವನು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಆಟ ಮುಗಿದ ಮೇಲೆ ಅವ್ವ ಬೇಳೆ ಎಣಿಸಿಕೊಂಡ ಹಾಗೆ ಎತ್ತಿಕೊಂಡು, ತೊಳೆದು, ಸಾರಿಗೆ ಹಾಕಿದಳು.

ಇಂಥ ಹುಡುಗ ಎಲೆಯನ್ನು ಚಾಪೆ ಕೆಳಗೆ ತಳ್ಳುವುದು ಅಂದರೆ ನನಗೆ ಸಿಟ್ಟು ಬರುತ್ತದೆ. ಕಲಬುರಗಿಯಂಥ ಊರಿನಲ್ಲಿ, ಇಷ್ಟು ಕಾಲೇಜು, ಇಷ್ಟು ಕೋಚಿಂಗ್ ಕ್ಲಾಸು ಇರುವ ಊರಿನಲ್ಲಿ, ಭಾನುವಾರ ಎರಡು ಮೇಜು ಹಾಕಿ ಒಂದು ಬಾಗಿಲು ತೆರೆದಿಡಲು ಆಗುವುದಿಲ್ಲವಾ? ಲೈಬ್ರರಿಯ ಮೂಲೆಯಾದರೂ ಸರಿ. ಮಾರುವುದು ಬೇಡ, ಕೊಳ್ಳುವುದು ಬೇಡ. ಪರದೆ ಇಲ್ಲದಿದ್ದರೆ ಸಾಕು.

ಇಷ್ಟು ಹೇಳಿದ ಮೇಲೆ ಇಲ್ಲಿಯದನ್ನೂ ಹೇಳಬೇಕು. ಇಲ್ಲಿ ಎಲ್ಲ ಚೊಕ್ಕ ಅಂತಲ್ಲ. ಆ ಗಾಜಿನ ಕಪಾಟಿನೊಳಗೆ ಒಂದೊಂದು ಎಲೆಗೆ ನನ್ನ ತಿಂಗಳ ಬಾಡಿಗೆಯಷ್ಟು ಬೆಲೆ ಹಚ್ಚಿರುತ್ತಾರೆ. ಹೊಸ ಪೆಟ್ಟಿಗೆ ಬಂದರೆ ಚೀಟಿ ಎತ್ತಿ ಕೊಡುವ ಪರಿಸ್ಥಿತಿ, ಯಾಕೆಂದರೆ ಮರುಮಾರಾಟಕ್ಕೆ ಕಾದು ನಿಂತ ದೊಡ್ಡವರು ಮಕ್ಕಳಿಗೆ ಬಿಡುವುದಿಲ್ಲ. ಬೀದಿಗೊಂದು ಪಚಿಂಕೋ ಅಂಗಡಿಯೂ ಇದೆ, ಉಕ್ಕಿನ ಗೋಲಿ ಹಾರಿಸುವ ಮಷಿನ್ ಆಟ, ಅದು ಜೂಜು ಅಂತ ಇಲ್ಲಿ ಎಲ್ಲರಿಗೂ ಗೊತ್ತು.

ಇನ್ನೊಂದು ಇದೆ. ಬರೆಯುವುದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಅಕಿಹಬಾರದ ಆ ಕಾರ್ಡಿನ ಅಂಗಡಿಯಲ್ಲಿ ಸುಮಾರು ಆರು ತಿಂಗಳು ಪ್ರತಿ ಶನಿವಾರ ನನ್ನೆದುರು ಒಬ್ಬ ಹಿರಿಯರು ಕೂರುತ್ತಿದ್ದರು. ಎಪ್ಪತ್ತರ ಹತ್ತಿರ ಇರಬಹುದು. ಕಾರ್ಡುಗಳನ್ನು ಬಿಸ್ಕೆಟ್ ಡಬ್ಬಿಯಲ್ಲಿ ತರುತ್ತಿದ್ದರು. ಕೈ ಸ್ವಲ್ಪ ನಡುಗುತ್ತಿತ್ತು, ಕಲಸುವುದು ನಿಧಾನ. ನಾನು ಎನರ್ಜಿ ಹಚ್ಚುವುದನ್ನು ಮರೆತರೆ ಏನೂ ಅನ್ನದೆ ಮೇಜಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟುತ್ತಿದ್ದರು, ನೆನಪಾಗುವವರೆಗೆ ಕಾಯುತ್ತಿದ್ದರು. ಒಂದು ಶನಿವಾರ ಬರಲಿಲ್ಲ. ಮುಂದಿನ ವಾರವೂ ಇಲ್ಲ. ಕೌಂಟರಿನಲ್ಲಿ ಕೇಳಿದೆ. ಹುಡುಗ ಬಹಳ ಮರ್ಯಾದೆಯಿಂದ ತಲೆ ಬಗ್ಗಿಸಿ, ಗೊತ್ತಿಲ್ಲ ಕ್ಷಮಿಸಿ ಅಂದ. ಆಗ ಹೊಳೆಯಿತು, ಅವರ ಹೆಸರು ನಾನೂ ಕೇಳಿರಲಿಲ್ಲ. ನಮ್ಮ ಮೇಜಿನಲ್ಲಿ ಹೆಸರು ಕೇಳುವ ರೂಢಿ ಇರಲಿಲ್ಲ.

ನಮ್ಮ ಓಣಿಯ ಕಟ್ಟೆಯ ಮೇಲೆ, ಬೇವಿನ ಮರದ ಕೆಳಗೆ, ಸಂಜೆ ಇಸ್ಪೀಟ್ ಹಾಕುವವರಲ್ಲಿ ಒಬ್ಬರು ಒಂದು ದಿನ ಬರದಿದ್ದರೆ ಮರುದಿನ ಮನೆ ಬಾಗಿಲಿಗೆ ಜನ ಬರುತ್ತಾರೆ. "ಯಾಕ, ಮೈ ನೆಟ್ಟಗಿಲ್ಲೇನು" ಅಂತ. ಮೂರು ವರ್ಷದ ಹಿಂದೆ ಅಪ್ಪನಿಗೆ ರಾತ್ರಿ ಎರಡು ಗಂಟೆಗೆ ಎದೆನೋವು ಬಂದಾಗ ಆಟೋ ತಂದು, ಅಪ್ಪನನ್ನು ಎತ್ತಿಕೊಂಡು ಕೂರಿಸಿದವರು ಆ ಕಟ್ಟೆಯ ಮಂದಿಯೇ. ನಾನು ಇಲ್ಲಿ ಫೋನ್ ಹಿಡಿದು ಕೂತಿದ್ದೆ. ಆಸ್ಪತ್ರೆಯಲ್ಲಿ ಬೆಳಗಿನವರೆಗೆ ಬೆಂಚಿನ ಮೇಲೆ ಕೂತಿದ್ದವರು ಪಕ್ಕದ ಮನೆ ಕಾಕಾ. ಹೌದು, ಅದೇ ಕಾಕಾ.

ಹಾಗಂತ ಆ ಹುಡುಗ ಬಚ್ಚಿಟ್ಟದ್ದು ಸರಿ ಅಂತ ನಾನು ಒಪ್ಪುವುದಿಲ್ಲ.

ಹೋದ ವಾರ ಅಕ್ಕ ಒಂದು ಫೋಟೋ ಕಳಿಸಿದ್ದಳು. ಸಂಜೆ ಹೊತ್ತು, ಮಾಳಿಗೆ ಮೇಲೆ, ನಾಲ್ಕು ಮಕ್ಕಳು. ಒಬ್ಬಳು ಹುಡುಗಿ. ಮೇಜಿಲ್ಲ, ಕೇರಂ ಬೋರ್ಡ್ ಹಾಕಿಕೊಂಡಿದ್ದಾರೆ. ಅದರ ಅಂಚಿಗೆ ಎಲೆ ಹಾರಿ ಹೋಗುವುದಿಲ್ಲವಂತೆ, ಹುಡುಗನದೇ ಉಪಾಯ. ಡೆಕ್ಕಿನ ಮೇಲೆ ಸ್ಟ್ರೈಕರ್ ಇಟ್ಟಿದ್ದಾರೆ, ಪಕ್ಕದಲ್ಲಿ ವಾಟಿ ತುಂಬ ಬೇಳೆ. ಎರಡು ಡೆಕ್ಕಿಗೆ ನಾಲ್ಕು ಜನ ಸರದಿ ಹಾಕುತ್ತಿದ್ದಾರೆ, ಇನ್ನೆರಡು ಬೇಕು ಅಂತ ಬೇಡಿಕೆ ಬಂದಿದೆ. ಡಿಸೆಂಬರಿನಲ್ಲಿ ಹೈದರಾಬಾದಿಗೆ ಹೋಗುವ ಗೆಳೆಯನ ಕೈಯಲ್ಲಿ ಕಳಿಸುತ್ತೇನೆ. 120 ಕಾರ್ಡು ಆರಿಸಿ ಇಟ್ಟಾಗಿದೆ. ಈಗ ಚೀಟಿ ಬರೆಯಲು ಕೂತಿದ್ದೇನೆ. ಸಣ್ಣ ಅಕ್ಷರ, ಪೆನ್ಸಿಲ್ಲು. "ಕೈಯಾಗಿರೂದೆಲ್ಲಾ ಬಿಟ್ಟು, ಹೊಸಾವು 7 ಎಲಿ ಎಳಿ."