ಕತ್ತರಿಸಿ ಅಂಟಿಸೋಕೆ ಮಾಡಿದ ಚೀನಾ

ಯುರೋಪಿನ ಹಳೇ ಅಲಂಕಾರದ ಅಚ್ಚುಚಿತ್ರಗಳಲ್ಲಿ ಬರುವ ಚೀನಾವನ್ನು ನೋಡಿದವರು ಎರಡರಲ್ಲಿ ಒಂದು ಮಾತು ಹೇಳುತ್ತಾರೆ. ಒಂದೋ "ಎಷ್ಟು ಚೆನ್ನಾಗಿದೆ", ಇಲ್ಲಾ "ಎಲ್ಲಾ ಬರೀ ಕಲ್ಪನೆ, ಇವರು ಚೀನಾ ನೋಡೇ ಇಲ್ಲ". ಎರಡೂ ಸರಿ. ಆದರೆ ಆ ಹಾಳೆಗಳನ್ನು ಯಾವ ಕೆಲಸಕ್ಕೆ ಅಚ್ಚು ಹಾಕಿದರು ಅಂತ ಯಾರೂ ಕೇಳಲ್ಲ.

ಇಂಥ ಹಾಳೆಗಳನ್ನು ಮಾಡಿದ ಚಿತ್ರಕಾರ ಝಾಂ ಬ್ಯಾಪ್ಟಿಸ್ಟ್ ಪಿಲ್ಮಾಂ ಹುಟ್ಟಿದ್ದು 1728ರಲ್ಲಿ, ರೇಷ್ಮೆ ನೇಯ್ಗೆಗೆ ಹೆಸರಾದ ಫ್ರಾನ್ಸಿನ ಲಿಯೋನ್‌ನಲ್ಲಿ. ಲಂಡನ್, ಲಿಸ್ಬನ್, ವಿಯೆನ್ನಾ, ವಾರ್ಸಾ ಎಲ್ಲಾ ಸುತ್ತಿದ. ಚೀನಾಕ್ಕೆ ಮಾತ್ರ ಹೋಗಲಿಲ್ಲ. 1755ರಲ್ಲಿ ಲಂಡನ್ನಿನಲ್ಲಿ ಚೀನೀ ಅಲಂಕಾರಗಳ ಪುಸ್ತಕವೊಂದನ್ನು ತಂದ. ಅವನ ಭೂದೃಶ್ಯ ಹೇಗಿರುತ್ತದೆ ಗೊತ್ತಾ? ಖಾಲಿ ಹಾಳೆಯ ನಡುವೆ ತೇಲುವ ಒಂದು ತುಂಡು ನೆಲ. ಅದರ ಮೇಲೆ ಸಣಕಲು ಕಂಬಗಳ ಗುಡಿಸಲು. ಎಲ್ಲಿಗೂ ತಲುಪದ ಒಂದು ಸೇತುವೆ. ಗಾಳ ಹಿಡಿದು ಕೂತ ಮನುಷ್ಯ, ಪಕ್ಕದಲ್ಲಿ ಅವನಿಗಿಂತ ದೊಡ್ಡ ಹೂವು. ದಿಗಂತವೂ ಇಲ್ಲ, ಆಕಾಶವೂ ಇಲ್ಲ.

ಈ ಖಾಲಿ ಜಾಗ ಪೂರ್ವದಿಂದ ಹಡಗಿನಲ್ಲಿ ಬಂದ ಪಿಂಗಾಣಿ ಮತ್ತು ಅರಗಿನ (ಲ್ಯಾಕರ್ ಅನ್ನೋ ಹೊಳಪಿನ ಲೇಪದ) ಪೆಟ್ಟಿಗೆಗಳಿಂದ ಕಲಿತದ್ದು. ಅಲ್ಲಿ ಬರೆಯದೆ ಬಿಟ್ಟ ಜಾಗವೇ ನೀರು, ಮಂಜು. ಯುರೋಪಿನವರಿಗೆ ಅದರಿಂದ ಬೇರೊಂದು ಅನುಕೂಲವಾಯಿತು. ರಾಬರ್ಟ್ ಸೇಯರ್ ಲಂಡನ್ನಿನಲ್ಲಿ ಮಾರಿದ 'ದಿ ಲೇಡೀಸ್ ಅಮ್ಯೂಸ್‌ಮೆಂಟ್' ಪುಸ್ತಕದಲ್ಲಿ 1,500ಕ್ಕೂ ಜಾಸ್ತಿ ಚಿತ್ರಗಳಿದ್ದವು, ಅದರಲ್ಲಿ ಪಿಲ್ಮಾಂನದೂ ಬೇಕಾದಷ್ಟು. ಕೊಂಡವರು ಬಣ್ಣ ಹಚ್ಚಬೇಕು, ಕತ್ತರಿಸಬೇಕು, ಪೆಟ್ಟಿಗೆಗೋ ಮೇಜಿಗೋ ಅಂಟಿಸಿ ಮೇಲೆ ವಾರ್ನಿಷ್ ಬಳಿಯಬೇಕು. ಆಗ ನೋಡೋಕೆ ಅರಗಿನ ಕೆಲಸದ ಹಾಗೆ ಕಾಣುತ್ತದೆ. ಬಟ್ಟೆಗೆ ಅಚ್ಚು ಹಾಕುವವರು, ಪಿಂಗಾಣಿಗೆ ಚಿತ್ರ ಬರೆಯುವವರೂ ಇಂಥ ಹಾಳೆಗಳಿಂದಲೇ ಎತ್ತಿಕೊಳ್ಳುತ್ತಿದ್ದರು.

ಈಗ ಹೇಳಿ, ದಿಗಂತದವರೆಗೆ ಹರಡಿದ ಚಿತ್ರವನ್ನು ನಶ್ಯದ ಡಬ್ಬಿಯ ಮುಚ್ಚಳಕ್ಕೆ ಹೇಗೆ ಕತ್ತರಿಸ್ತೀರಿ? ತೇಲುವ ನಡುಗಡ್ಡೆಯಾದರೆ ಸುತ್ತ ಕತ್ತರಿ ಆಡಿಸಿದರೆ ಮುಗೀತು. ಡಬ್ಬಿಯ ಮುಚ್ಚಳಕ್ಕೂ ಕೂರುತ್ತದೆ, ಬೀರುವಿನ ಬಾಗಿಲಿಗೂ ಕೂರುತ್ತದೆ. ಚೀನೀ, ಭಾರತೀಯ ವಿಷಯಗಳಾದರೆ ಸ್ವಲ್ಪ ಧಾರಾಳವಾಗಿರಬಹುದು, ಚಿಟ್ಟೆಯೊಂದು ಆನೆಯನ್ನು ಹೊತ್ತಿರುವುದೂ ಉಂಟು ಅಂತ ಆ ಪುಸ್ತಕವೇ ಹೇಳುತ್ತದೆ. (ಹಾಗೆ ನಮ್ಮನ್ನೂ ಸುಮ್ನೆ ಸೇರಿಸಿಕೊಂಡರು.)

ಗೊತ್ತಿಲ್ಲದೆ ಹೀಗೆ ಮಾಡಿದರು ಅನ್ನೋ ವಾದ ನಾನು ಒಪ್ಪಲ್ಲ. ಡಚ್ ಈಸ್ಟ್ ಇಂಡಿಯಾ ಕಂಪನಿಯ ನಿಯೋಗದ ಜೊತೆ ಪೀಕಿಂಗ್‌ಗೆ (ಇಂದಿನ ಬೀಜಿಂಗ್) ಹೋಗಿಬಂದ ಯೋಹಾನ್ ನ್ಯೂಹೋಫ್‌ನ ಸಚಿತ್ರ ಪುಸ್ತಕ 1665ರಲ್ಲೇ ಬಂದಿತ್ತು. ಕಾಂಗ್‌ಶಿ ಚಕ್ರವರ್ತಿಯ ಬೇಸಿಗೆ ಅರಮನೆಯ 36 ನೋಟಗಳನ್ನು ತಾಮ್ರದ ತಗಡಿನಲ್ಲಿ ಕೆತ್ತಿದ ಇಟಲಿಯ ಪಾದ್ರಿ ಮತ್ತೆಯೋ ರಿಪಾ 1724ರಲ್ಲಿ ಲಂಡನ್ನಿಗೆ ಬಂದಿದ್ದ. ನೋಡಬೇಕೆಂದರೆ ನೋಡಬಹುದಿತ್ತು. ಪೆಟ್ಟಿಗೆ ಅಲಂಕರಿಸುವವರಿಗೆ ಅದು ಬೇಕಿರಲಿಲ್ಲ, ಅಷ್ಟೇ.

ಪಿಲ್ಮಾಂ ಮೇಲೆ ನನಗೆ ಸಿಟ್ಟಿಲ್ಲ. ಅವನ ಚಿತ್ರ 'ನಾನು ಆಟ' ಅಂತ ತಾನೇ ಹೇಳಿಕೊಳ್ಳುತ್ತದೆ. ಸಿಟ್ಟು ಬರೋದು ಅವನಿಗಿಂತ ಹಿಂದಿನ ಸ್ಟಾಕರ್ ಮತ್ತು ಪಾರ್ಕರ್ ಮೇಲೆ. ಅರಗಿನ ಕೆಲಸ ಕಲಿಸುವ ತಮ್ಮ 1688ರ ಪುಸ್ತಕದಲ್ಲಿ, ಪೂರ್ವದ ಚಿತ್ರಗಳಲ್ಲಿ ಅಳತೆ ಕುಂಟಿದ ಕಡೆ ತಾವೇ ಕೊಂಚ ತಿದ್ದಿದ್ದೇವೆ ಅಂತ ಬರೆದುಕೊಂಡಿದ್ದಾರೆ. ಬೇರೆಯವರ ಮಾದರಿ ಎತ್ತಿಕೊಂಡು, ಅವರಿಗೇ ಚಿತ್ರ ಬರೆಯೋಕೆ ಬರಲ್ಲ ಅನ್ನೋ ಮಾತು ಇದು. ಇದರ ಮುಂದೆ ಆನೆ ಹೊತ್ತ ಚಿಟ್ಟೆ ಎಷ್ಟೋ ಮೇಲು ಅಲ್ವಾ?