ಸ್ವಲ್ಪ ಬ್ಯಾಗ್ ನೋಡ್ಕೊಳ್ಳಿ

ಒಬ್ಬರೇ ಪ್ರವಾಸ ಹೋಗುವುದರ ಬಗ್ಗೆ ಜನ ಏನೇನೋ ಬರೆಯುತ್ತಾರೆ. ಸ್ವಾತಂತ್ರ್ಯವಂತೆ, ತನ್ನನ್ನು ತಾನೇ ಕಂಡುಕೊಳ್ಳುವುದಂತೆ. ಟಾಯ್ಲೆಟ್‌ಗೆ ಹೋಗುವಾಗ ಬ್ಯಾಗನ್ನು ಏನು ಮಾಡಬೇಕು ಅಂತ ಮಾತ್ರ ಒಬ್ಬರೂ ಬರೆಯುವುದಿಲ್ಲ.

ನಮ್ಮಲ್ಲಿ ಇದೊಂದು ಸಮಸ್ಯೆಯೇ ಅಲ್ಲ. ಮೆಜೆಸ್ಟಿಕ್‌ನಲ್ಲಿ ಮಗು ಮಲಗಿಸಿಕೊಂಡು ಕೂತ ಯಾವುದಾದರೂ ಹೆಂಗಸಿಗೆ "ಅಕ್ಕಾ, ಸ್ವಲ್ಪ ಬ್ಯಾಗ್ ನೋಡ್ಕೊಳ್ಳಿ, ಈಗ ಬಂದೆ" ಅಂದರೆ ಮುಗಿಯಿತು. ಅವರು ನಮ್ಮ ಹೆಸರು ಕೇಳುವುದಿಲ್ಲ, ನಾವು ಅವರ ಊರು ಕೇಳುವುದಿಲ್ಲ. ವಾಪಸ್ ಬಂದಾಗ ಬ್ಯಾಗ್ ಅವರ ಕಾಲ ಬುಡದಲ್ಲಿ ಭದ್ರವಾಗಿರುತ್ತದೆ. "ಎಷ್ಟೊತ್ತು ಮಾರಾಯ್ತಿ, ನನ್ನ ಬಸ್ ಹೊರಡ್ತಿದೆ" ಅಂತ ಬೈಗುಳವೂ ಸಿಗುತ್ತದೆ, ಅದು ಬೇರೆ.

ದಕ್ಷಿಣ ಅಮೆರಿಕದ ಈಕ್ವೆಡಾರ್‌ನ ಕ್ವಿಟೊದಲ್ಲಿ ಆ ಅಕ್ಕನನ್ನು ಎಲ್ಲಿ ಹುಡುಕಲಿ? ನನಗೆ ಬರುತ್ತಿದ್ದ ಸ್ಪ್ಯಾನಿಷ್ ಅಂದರೆ ನಮಸ್ಕಾರ, ಥ್ಯಾಂಕ್ಸ್, ಮಾಂಸ ಬೇಡ. ಅಷ್ಟೇ. ಮೇಲಾಗಿ ಅಲ್ಲಿ ಕಂಡವರೆಲ್ಲ ನನಗೆ ಬ್ಯಾಗಿನ ಬಗ್ಗೆಯೇ ಬುದ್ಧಿ ಹೇಳಿದರು. ರೂಮಿನ ಒಡತಿ ಹೇಳಿದರು, ಟ್ಯಾಕ್ಸಿಯವನು ಹೇಳಿದ, ಚರ್ಚಿನ ಬಾಗಿಲಲ್ಲಿ ಮೇಣದಬತ್ತಿ ಮಾರುವ ಅಜ್ಜಿ ತಾನೇ ಎದ್ದು ಬಂದು ನನ್ನ ಬ್ಯಾಗನ್ನು ಬೆನ್ನಿನಿಂದ ಎದೆಗೆ ತಿರುಗಿಸಿ ಹೋದರು.

ಕ್ವಿಟೊ ಇರುವುದು 2,850 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್. ಸುಮ್ನೆ ನಿಂತರೂ ಏದುಸಿರು. ಹಳೇ ಊರಿನ ಬೀದಿಗಳೋ, ಒಂದೋ ಏರು, ಇಲ್ಲವೋ ಇಳಿಜಾರು. ಬ್ಯಾಗ್ ಹೊಟ್ಟೆಯ ಮೇಲಿದ್ದರೆ ಕಾಲ ಕೆಳಗಿನ ಮೆಟ್ಟಿಲು ಕಾಣುವುದಿಲ್ಲ. ಲಾ ಕೊಂಪನಿಯ ಚರ್ಚಿನ ಒಳಗೆ ಗೋಡೆ, ಛಾವಣಿ ಎಲ್ಲಾ ಚಿನ್ನದ ರೇಕು. ಬ್ಯಾಗಿನ ಮೇಲೆ ಗಲ್ಲ ಊರಿಕೊಂಡು ನೋಡಿದೆ. ಮಧ್ಯಾಹ್ನ ಲೋಕ್ರೊ ಅಂತ ಆಲೂಗಡ್ಡೆ, ಚೀಸಿನ ಬಿಸಿ ಸೂಪು, ಮೇಲೆ ಬೆಣ್ಣೆಹಣ್ಣಿನ ಹೋಳು. ತೊಡೆಯ ಮೇಲೆ ಬ್ಯಾಗ್ ಇದ್ದದ್ದರಿಂದ ತಟ್ಟೆ ಒಂದು ಮೊಳ ದೂರ. ಅರ್ಧ ಸೂಪು ಬ್ಯಾಗೇ ಕುಡಿಯಿತು. ಇನ್ನು ಟಾಯ್ಲೆಟ್ಟು. ಜಗತ್ತಿನ ಯಾವ ಟಾಯ್ಲೆಟ್ಟಿನಲ್ಲೂ ಬಾಗಿಲಿನ ಕೊಕ್ಕೆ ಸರಿಯಾಗಿರುವುದಿಲ್ಲ. ಅಂಥವನ್ನೆಲ್ಲ ನನಗೇ ತೆಗೆದಿಡುತ್ತಾರೇನೋ.

ಗಲಾಪಗೋಸ್‌ಗೆ ಹೋದ ಮೇಲೆ ಉಸಿರು ಬಿಟ್ಟೆ. ಈಕ್ವೆಡಾರ್‌ನದೇ, ಆದರೆ ಅದರ ಕರಾವಳಿಯಿಂದ ಸುಮಾರು 1,000 ಕಿಲೋಮೀಟರ್ ದೂರ ಸಮುದ್ರದ ನಡುವೆ ಜ್ವಾಲಾಮುಖಿ ಉಗುಳಿ ಆದ ದ್ವೀಪಗಳು. ನಮ್ಮಂಥ ವಿದೇಶಿಯರಿಗೆ ಅಲ್ಲಿನ ರಾಷ್ಟ್ರೀಯ ಪಾರ್ಕಿನ ಪ್ರವೇಶ ಶುಲ್ಕ 2024ರ ಆಗಸ್ಟಿನಿಂದ 100 ಡಾಲರ್ ಇದ್ದದ್ದು 200 ಆಗಿದೆ. ಪರ್ಸ್ ಹಗುರವಾಯಿತು, ಸರಿ. ಆದರೆ ಇಲ್ಲಿ ಬ್ಯಾಗನ್ನು ಬೆನ್ನಿಗೇ ಹಾಕಿಕೊಳ್ಳಬಹುದು ಅಂತ ಎಲ್ಲರೂ ಹೇಳಿದರು.

ಸಾನ್ ಕ್ರಿಸ್ಟೊಬಾಲ್ ದ್ವೀಪದ ದಕ್ಕೆಯಲ್ಲಿ ಮೂರು ಗಂಟೆಯ ದೋಣಿಗೆ ಕಾಯುತ್ತಿದ್ದೆ. ಡಾರ್ವಿನ್ 1835ರಲ್ಲಿ ಮೊದಲು ಕಾಲಿಟ್ಟದ್ದು ಇದೇ ದ್ವೀಪದಲ್ಲಿ. ಅವನಿಗೇನು, ಜೊತೆಗೊಬ್ಬ ಸಹಾಯಕ ಇದ್ದ. ನಾನು ಬ್ಯಾಗನ್ನು ಬೆಂಚಿನ ಮೇಲಿಟ್ಟು, ಕಟಕಟೆಗೆ ಒರಗಿ, ಕೆಳಗೆ ಬಂಡೆಯ ಮೇಲೆ ಮೂಗಿನಿಂದ ಉಪ್ಪುನೀರು ಸಿಡಿಸುತ್ತಿದ್ದ ಇಗುವಾನಾ ಅನ್ನುವ ದೊಡ್ಡ ಕಪ್ಪು ಓತಿಕ್ಯಾತಗಳನ್ನು ನೋಡುತ್ತಿದ್ದೆ. ತಿರುಗುವಷ್ಟರಲ್ಲಿ ನೀರಿನಿಂದ ಒಂದು ಕಡಲಸಿಂಹ (ಸೀ ಲಯನ್) ಮೆಟ್ಟಿಲು ಹತ್ತಿ ಬಂದಿತ್ತು. ಬೆಂಚು ಹತ್ತಿತು. ಉದ್ದಕ್ಕೆ ಮಲಗಿತು. ನನ್ನ ಬ್ಯಾಗಿನ ಮೇಲೆ ತಲೆ ಇಟ್ಟಿತು.

ರೈಲಿನಲ್ಲಿ ನಮ್ಮ ಲೋವರ್ ಬರ್ತ್ ಮೇಲೆ ಮಲಗಿ, ಎಬ್ಬಿಸಿದರೆ ಒಂದೇ ಕಣ್ಣು ತೆರೆದು "ಮುಂದಿನ ಸ್ಟೇಷನ್ನಲ್ಲಿ ಇಳಿತೀನಮ್ಮಾ" ಅನ್ನುವ ಅಂಕಲ್ ಇರುತ್ತಾರಲ್ಲ, ಅದೇ ಕಣ್ಣು. ಅದೇ ಗೊರಕೆ. ಹೊಟ್ಟೆ ಕೆರೆದುಕೊಳ್ಳುವ ರೀತಿಯೂ ಅದೇ. ಅಂಕಲ್ ಆದರೆ ಟಿಟಿಯನ್ನಾದರೂ ಕರೆಯಬಹುದಿತ್ತು. ಇಲ್ಲಿ ಯಾವ ಪ್ರಾಣಿಯಿಂದಲೂ ಎರಡು ಮೀಟರ್ ದೂರ ಇರಬೇಕೆಂಬ ನಿಯಮ. ಅದು ನಮ್ಮ ಹತ್ತಿರ ಬಂದರೆ ನಾವೇ ಹಿಂದೆ ಸರಿಯಬೇಕು. ಮುಟ್ಟುವ ಹಾಗಿಲ್ಲ, ಓಡಿಸುವ ಹಾಗಿಲ್ಲ. ಹೆದರಿ ತಾನಾಗಿ ಹೋಗುತ್ತದಾ ಅಂದರೆ, ಮನುಷ್ಯರನ್ನು ಕಂಡು ಹೆದರುವ ಅಭ್ಯಾಸವೇ ಈ ದ್ವೀಪದ ಪ್ರಾಣಿಗಳಿಗಿಲ್ಲ. ಇದನ್ನು ನೋಡಲೆಂದೇ ಅಲ್ವಾ ನಾನು ದುಡ್ಡು ಕೊಟ್ಟು ಬಂದದ್ದು!

ಬ್ಯಾಗಿನಲ್ಲಿ ಪಾಸ್‌ಪೋರ್ಟ್. ಗಂಟೆ ಎರಡು ದಾಟಿದೆ. ಕಡಲಸಿಂಹ ಒಮ್ಮೆ ಸೀನಿತು. ಬ್ಯಾಗಿನ ಮೇಲೇ. ಆಮೇಲೆ ಮಗ್ಗುಲು ಬದಲಿಸಿತು. ಬಿಟ್ಟಿತು ಅಂದುಕೊಂಡು ಮುಂದೆ ಹೋದೆ. ಈಗ ಬ್ಯಾಗಿನ ಪಟ್ಟಿ ಅದರ ಕುತ್ತಿಗೆಯ ಅಡಿ. ಅಕ್ಕಪಕ್ಕದ ಪ್ರವಾಸಿಗಳೆಲ್ಲ "ಆಹಾ" ಅಂತ ಫೋಟೋ ತೆಗೆಯತೊಡಗಿದರು. ಒಬ್ಬಾಕೆ ನನಗೆ ಸ್ವಲ್ಪ ಪಕ್ಕಕ್ಕೆ ಸರಿಯಲು ಕೈಸನ್ನೆ ಮಾಡಿದಳು. ಫೋಟೋದಲ್ಲಿ ನಾನು ಅಡ್ಡ ಬರುತ್ತಿದ್ದೆನಂತೆ. ಎಷ್ಟು ಸಿಟ್ಟು ಬಂತು ಅಂದರೆ, ಅಚ್ಚ ಕನ್ನಡದಲ್ಲಿ ಬೈದೆ. ಕಡಲಸಿಂಹವನ್ನೋ ಆಕೆಯನ್ನೋ, ನನಗೇ ಗೊತ್ತಿಲ್ಲ.

ಪಕ್ಕದ ಮರಳಿನಲ್ಲಿ ಒಂದು ಮರಿ ಒಂದೇ ಸಮನೆ ಕೂಗುತ್ತಿತ್ತು. ತಾಯಂದಿರು ಮರಿಯನ್ನು ದಡದಲ್ಲಿ ಬಿಟ್ಟು ಮೀನಿಗೆ ಹೋಗುತ್ತವೆ. ತಿರುಗಿ ಬಂದಾಗ ಅಷ್ಟೊಂದು ಮರಿಗಳ ನಡುವೆ ತನ್ನದನ್ನು ಕೂಗಿನಿಂದ, ವಾಸನೆಯಿಂದ ಗುರುತಿಸುತ್ತವೆ. ನಾವು ಮುದ್ದು ಮಾಡಲು ಹೋಗಿ ಆ ವಾಸನೆ ಕೆಟ್ಟರೆ ಮರಿ ಅನಾಥವಾಗಬಹುದು, ಅದಕ್ಕೇ ಮುಟ್ಟಬಾರದು. ಅದರ ಕೂಗು ಕೇಳುತ್ತಾ ನಿಂತಾಗ ಮೊದಲ ಸಲ ಅನಿಸಿತು, ಇಲ್ಲಿ ನನ್ನ ಪಕ್ಕ ಯಾರಾದರೂ ಇರಬೇಕಿತ್ತು. ಬ್ಯಾಗ್ ಕಾಯಲು ಅಲ್ಲ. "ನೋಡೇ, ನೋಡೇ ಅದನ್ನ" ಅನ್ನಲು.

ಕೊನೆಗೆ ನೀರಿನ ಕಡೆಯಿಂದ ಇನ್ನೊಂದು ಕಡಲಸಿಂಹ ಬಂದು ಜಗಳ ತೆಗೆಯಿತು. ಬೆಂಚಿಗಾಗಿ. ಎರಡೂ ಅಬ್ಬರಿಸುತ್ತಾ ಕೆಳಗಿಳಿದವು, ನಾನು ಬ್ಯಾಗ್ ಎತ್ತಿಕೊಂಡು ಓಡಿದೆ.

ದೋಣಿ ಹತ್ತುವ ಮೊದಲು ಅಲ್ಲಿ ತಪಾಸಣೆ ಇರುತ್ತದೆ. ಒಂದು ದ್ವೀಪದ ಹಣ್ಣು, ಬೀಜ, ಹುಳ ಇನ್ನೊಂದಕ್ಕೆ ಹೋಗಬಾರದು. ತಪಾಸಣೆಯವರು ಬ್ಯಾಗ್ ಎಳೆದುಕೊಂಡವರೇ ಮುಖ ಹಿಂದಕ್ಕೆ ತೆಗೆದರು. ಮೀನು ಇದೆಯಾ ಅಂತ ಕೇಳಿದರು. ಇಲ್ಲ ಅಂದೆ. ನಂಬಲಿಲ್ಲ. ನನಗೆ ಬರುವ ಮೂರನೇ ಸ್ಪ್ಯಾನಿಷ್ ಮಾತು ನೆನಪಾಯಿತು, ಮಾಂಸ ಬೇಡ ಅಂದೆ. ಅವರಿಗೆ ಅನುಮಾನ ಇನ್ನೂ ಜಾಸ್ತಿಯಾಯಿತು. ಒಳಗಿನ ಬಟ್ಟೆ, ಚಪ್ಪಲಿ, ಚಾರ್ಜರ್ ಎಲ್ಲಾ ಮೇಜಿನ ಮೇಲೆ ಹರಡಿ, ಮೀನು ಸಿಗದೆ, ಒಲ್ಲದ ಮನಸ್ಸಿನಿಂದ ಸೀಲ್ ಹಾಕಿ ಕೊಟ್ಟರು. ದೋಣಿಯಲ್ಲಿ ಪಕ್ಕದ ಹೆಂಗಸು ಒಮ್ಮೆ ಬ್ಯಾಗನ್ನು, ಒಮ್ಮೆ ನನ್ನನ್ನು ನೋಡಿ, ಗಂಡನನ್ನು ಎಬ್ಬಿಸಿಕೊಂಡು ಹಿಂದಿನ ಸೀಟಿಗೆ ಹೋದರು.