ನಾವು ರೆಕಾರ್ಡ್ ಮಾಡಿಟ್ಟಿದ್ದು ನಮ್ಮದಲ್ಲ ಅಂದ್ರೆ ಇನ್ಯಾರದ್ದು?

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಿನ್ನೆ ಊರಿಗೆ ಹೋಗಿದ್ದೆ. ಸಿರುಗುಪ್ಪದಿಂದ ಮುಂದೆ, ಹೊಳೆ ಕಡೆ ನಮ್ಮ ಊರು. ನಿಮ್ಮಲ್ಲಿ ಕೆಲವರು ಜಾತ್ರೆಗೆ ಬಂದು ಊಟ ಮಾಡಿ ಹೋದವರೇ. ನಾನು ಮನೆ ಸೇರುವ ಹೊತ್ತಿಗೆ ಡಿಶ್ ರಿಪೇರಿ ಹುಡುಗ ಬಂದಿದ್ದ. ಟಿವಿ ಕಾರ್ಯಕ್ರಮವನ್ನು ಡಿಸ್ಕಿಗೆ ರೆಕಾರ್ಡ್ ಮಾಡಿಡುವ ನಮ್ಮ ಡಿಶ್ ಬಾಕ್ಸ್ ಕೆಟ್ಟು ಹತ್ತು ದಿನ ಆಗಿತ್ತು. ಕೆಂಪು ಲೈಟ್ ಹತ್ತುತ್ತಿತ್ತು, ಆಮೇಲೆ ಏನೂ ಇಲ್ಲ. ಹುಡುಗ ಹಳೇದನ್ನು ಬಿಚ್ಚಿ ಹೊಸದನ್ನು ಜೋಡಿಸಿದ. ಕಾಲು ಗಂಟೆಯ ಕೆಲಸ. ಚಾನೆಲ್ ಎಲ್ಲ ಬಂದವು. ಅವ್ವ ಚಾ ಕೊಟ್ಟಳು. ಆಗ ಅಪ್ಪ ಕೇಳಿದರು.

"ತಮ್ಮಾ, ಹಳೇ ಡಬ್ಬಿದಾಗ ಇದ್ದದ್ದನ್ನ ಇದಕ್ಕ ಹಾಕಿಕೊಟ್ಟುಬಿಡಪಾ."

"ಹಂಗ ಬರಂಗಿಲ್ರಿ ತಾತ. ಅದು ಹೋತ್ರಿ."

"ಡಿಸ್ಕು ಚಲೋ ಐತೆಲ್ಲೋ. ಕೆಟ್ಟಿರೋದು ಡಬ್ಬಿ ಅಷ್ಟ."

"ಡಿಸ್ಕು ಚಲೋ ಇದ್ರೂ ಲಾಕ್ ಇರ್ತೈತ್ರಿ. ಆ ಡಬ್ಬಿ ಬಿಟ್ರ ಬ್ಯಾರೆ ಯಾವುದಕ್ಕೂ ಬಿಚ್ಚಂಗಿಲ್ಲ."

ಅಪ್ಪ ಮುಂದೆ ಏನೂ ಕೇಳಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಹಳೇ ಬಾಕ್ಸಿನ ಧೂಳು ಒರೆಸಿದರು. ವಾಪಸ್ ಒಯ್ಯಬೇಕು ಅಂತ ಹುಡುಗ ಕೈ ಚಾಚಿದ. ಅಪ್ಪ ಕೊಡಲಿಲ್ಲ.

ಅಪ್ಪ ಬಯಲಾಟದ ಪೇಟಿ ಮಾಸ್ತರು, ಅಂದರೆ ಹಾರ್ಮೋನಿಯಂ ನುಡಿಸುವವರು ಅಂತ ಇಲ್ಲಿರುವ ಹಳೆಯ ಸ್ನೇಹಿತರಿಗೆಲ್ಲ ಗೊತ್ತು. ಹಗಲು ಗದ್ದೆ, ರಾತ್ರಿ ತಾಲೀಮು. ನಲವತ್ತು ವರ್ಷ ಹೀಗೇ ನಡೆಯಿತು. 2018ರ ಬೇಸಿಗೆಯಲ್ಲಿ ಒಂದು ಕನ್ನಡ ಚಾನೆಲ್‌ನವರು ಊರಿಗೆ ಬಂದು ಆಟ ಚಿತ್ರೀಕರಿಸಿಕೊಂಡು ಹೋದರು. ಬೆಳತನಕ ನಡೆದ ಆಟ ಟಿವಿಯಲ್ಲಿ ಇಪ್ಪತ್ತೆರಡು ನಿಮಿಷ ಬಂತು. ಅದನ್ನೇ ಅಪ್ಪ ಆ ಬಾಕ್ಸಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದರು. ಅದರಲ್ಲಿ ಅಪ್ಪ ಕಾಣುವುದು ಒಂದೂವರೆ ನಿಮಿಷ. ಮುಂದೆ ಕಿರೀಟ, ಭುಜಕೀರ್ತಿ ಕಟ್ಟಿಕೊಂಡ ಕರ್ಣ. ಹಿಂದೆ ಹಿಮ್ಮೇಳದಲ್ಲಿ ಅಪ್ಪ ಕಣ್ಣು ಮುಚ್ಚಿ ಪೇಟಿ ನುಡಿಸುತ್ತಿರುತ್ತಾರೆ, ಎಡಗೈ ತಿದಿ ಒತ್ತುತ್ತಿರುತ್ತೆ. ಆ ಕರ್ಣ ನಮ್ಮ ದೊಡ್ಡಪ್ಪ. ದೊಡ್ಡಪ್ಪ 2021ರಲ್ಲಿ ತೀರಿಕೊಂಡರು. ಅವರ ದನಿ ಇದ್ದದ್ದು ಅದೊಂದರಲ್ಲೇ.

ಮನೆಗೆ ಯಾರು ಬಂದರೂ ಅಪ್ಪ ರಿಮೋಟ್ ಹುಡುಕುತ್ತಿದ್ದರು. ಬೀಗರು ಬಂದರೂ ಅಷ್ಟೇ, ಗೊಬ್ಬರದ ಅಂಗಡಿಯವನು ಲೆಕ್ಕಕ್ಕೆ ಬಂದರೂ ಅಷ್ಟೇ. ದೊಡ್ಡಪ್ಪನ ಮೊಮ್ಮಗ ಆ ಕುಣಿತ ನೋಡಿಯೇ ಹೆಜ್ಜೆ ಕಲಿತ.

ಈಗ ಅದು ಇಲ್ಲ. ಡಿಸ್ಕಿನ ಒಳಗೆ ಇದೆ, ಆದರೆ ಇಲ್ಲ. ಇದನ್ನು ಹೇಗೆ ಒಪ್ಪಿಕೊಳ್ಳೋದು ಹೇಳಿ?

ನನ್ನ ತಪ್ಪೂ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಪ್ಪ ನನಗೆ ಮೂರು ಸಲ ಹೇಳಿದ್ದರು. "ಅದನ್ನ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಾರವ್ವಾ" ಅಂತ. ಬಾಕ್ಸಿನಲ್ಲಿ ಇದೆಯಲ್ಲಪ್ಪಾ, ಎಲ್ಲಿ ಹೋಗುತ್ತೆ ಅಂದಿದ್ದೆ. ಟಿವಿ ಮುಂದೆ ಫೋನ್ ಹಿಡಿದಿದ್ದರೂ ಇಪ್ಪತ್ತೆರಡು ನಿಮಿಷ ಉಳಿಯುತ್ತಿತ್ತು. ಪ್ರತಿ ಹಬ್ಬಕ್ಕೂ ಮುಂದಿನ ಸಲ ಅಂದುಕೊಂಡೆ. ಬಳ್ಳಾರಿಯಲ್ಲಿ ಜೀನ್ಸ್ ಯುನಿಟ್ಟಿನ ಲೆಕ್ಕ ಬರೆಯುವವಳು ನಾನು, ಒಂದು ಬಿಲ್ ಕಳೆದರೂ ನಿದ್ದೆ ಮಾಡೋದಿಲ್ಲ. ಇದನ್ನು ಕಳೆದುಬಿಟ್ಟೆ. ರಾತ್ರಿಯಿಡೀ ಅದೇ ತಲೆಯಲ್ಲಿ ಕೊರೆಯುತ್ತಿದೆ.

ಆದರೆ ಪೆನ್‌ಡ್ರೈವಿಗೆ ಹಾಕುವ ದಾರಿಯೇ ಆ ಬಾಕ್ಸಿನಲ್ಲಿ ಇರಲಿಲ್ಲ. ಅದು ಗೊತ್ತಾಗಿದ್ದೂ ನಿನ್ನೆಯೇ.

ಅದು ಕೆಲಸ ಮಾಡುವ ರೀತಿ ಹೀಗೆ. ಮೇಲಿನಿಂದ ಬರುವ ಸಿಗ್ನಲ್ಲಿಗೆ ಬೀಗ ಹಾಕಿಯೇ ಕಳಿಸುತ್ತಾರೆ. ದುಡ್ಡು ಕಟ್ಟಿದವರ ಬಾಕ್ಸಿಗೆ, ಕಾರ್ಡಿಗೆ ಕೀಲಿ ಸಿಗುತ್ತೆ. ಇದು ಸರಿಯೇ, ಕಟ್ಟದವರು ನೋಡಬಾರದು. ನಾವು ರೆಕಾರ್ಡ್ ಒತ್ತಿದಾಗ ಡಿಸ್ಕಿಗೆ ಹೋಗುವುದೂ ಬೀಗ ಹಾಕಿದ್ದೇ. ಆ ಕೀಲಿ ಅದೊಂದು ಬಾಕ್ಸಿಗೆ ಗಂಟು. ಬಾಕ್ಸ್ ಸತ್ತರೆ ಕೀಲಿಯೂ ಸತ್ತಂತೆ. ಅಷ್ಟೇ ಅಲ್ಲ, ರೀಚಾರ್ಜ್ ಮುಗಿದರೆ ನಮ್ಮ ಬಾಕ್ಸಿನಲ್ಲಿ ಹಳೆಯ ರೆಕಾರ್ಡಿಂಗೂ ತೆರೆಯುತ್ತಿರಲಿಲ್ಲ. ಮೂರು ವರ್ಷದ ಹಿಂದೆ ದುಡ್ಡು ಕಟ್ಟಿ ನೋಡಿದ ಕಾರ್ಯಕ್ರಮಕ್ಕೆ ಈ ತಿಂಗಳು ಮತ್ತೆ ಯಾಕೆ ಕಟ್ಟಬೇಕು?

ನಾನು ಸಣ್ಣವಳಿದ್ದಾಗ ನಮ್ಮ ಓಣಿಯಲ್ಲಿ ಒಬ್ಬರ ಮನೆಯಲ್ಲಿ ವಿಸಿಆರ್ ಇತ್ತು. ಮೂರು ಗಂಟೆಯ ಕ್ಯಾಸೆಟ್ಟು. ಟಿವಿಯಲ್ಲಿ ಬಂದದ್ದನ್ನು ಅದರಲ್ಲಿ ಹಿಡಿದಿಟ್ಟರೆ, ಕ್ಯಾಸೆಟ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು ತವರಿಗೂ ಒಯ್ಯಬಹುದಿತ್ತು. ವಿಸಿಆರ್ ಕೆಟ್ಟರೆ ಇನ್ನೊಂದು ವಿಸಿಆರ್‌ಗೆ ಹಾಕಿದರೆ ಆಯಿತು. ಚಿತ್ರ ಮಸುಕಾಗಿರುತ್ತಿತ್ತು, ಗೆರೆ ಬರುತ್ತಿತ್ತು, ನಿಜ. ಆದರೆ ಕ್ಯಾಸೆಟ್ಟು ನಮ್ಮದಾಗಿತ್ತು. ಇಷ್ಟು ವರ್ಷ ಮುಂದೆ ಬಂದು, ಕನ್ನಡಿಯಂಥ ಚಿತ್ರ ಬರುವ ಹೊತ್ತಿಗೆ ನಮ್ಮ ಕೈಯಿಂದ ಅದೊಂದನ್ನು ಕಿತ್ತುಕೊಂಡರು.

ಕಳ್ಳತನದ ಭಯ ಅಂತಾರೆ. ಬಿಟ್ಟರೆ ಜನ ಕಾಪಿ ಮಾಡಿ ಹಂಚುತ್ತಾರೆ, ನಿರ್ಮಾಪಕರಿಗೆ ನಷ್ಟ ಅಂತಾರೆ. ನಿಮ್ಮಲ್ಲೂ ಒಬ್ಬರು ನಿನ್ನೆ ಫೋನಿನಲ್ಲಿ ಇದನ್ನೇ ಅಂದರು. ನಾನು ಒಪ್ಪೋದಿಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 39ನೇ ಕಲಮು ಓದಿ. ಸ್ವಂತಕ್ಕೆ ಅಂತ ಧ್ವನಿಯನ್ನೋ ದೃಶ್ಯವನ್ನೋ ರೆಕಾರ್ಡ್ ಮಾಡಿಕೊಂಡರೆ ಪ್ರಸಾರ ಮಾಡಿದವರ ಹಕ್ಕಿಗೆ ಅದು ಧಕ್ಕೆ ಅಲ್ಲ ಅಂತ ಅಲ್ಲೇ ಬರೆದಿದೆ. ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲೇ, ಮನೆಯವರು ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡಿಕೊಂಡು ಆಮೇಲೆ ನೋಡುವುದು ತಪ್ಪಲ್ಲ ಅಂತ ಹೇಳಿ ಮುಗಿಸಿದೆ. ಇನ್ನೂ ಒಂದು ಮಾತು. ಅದೇ ನಮ್ಮ ಕಾಯ್ದೆ ಕಲಾವಿದರಿಗೂ ಹಕ್ಕು ಕೊಟ್ಟಿದೆ. ಕಲಾವಿದ ಅಂದರೆ ಯಾರು ಅಂತ ಅದರಲ್ಲೇ ಪಟ್ಟಿ ಇದೆ: ನಟರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ಹಾವಾಡಿಗರು ಕೂಡ. ಅಂದರೆ ನಮ್ಮ ಅಪ್ಪ. ಪೇಟಿ ನುಡಿಸಿದವರು ಅವರು. ದುಡ್ಡು ಕಟ್ಟಿ ಬಾಕ್ಸ್ ತಂದವರು ಅವರು. ರೆಕಾರ್ಡ್ ಒತ್ತಿದವರೂ ಅವರೇ. ಅವರಿಂದ ಯಾರನ್ನು ಕಾಪಾಡಲು ಈ ಬೀಗ?

ಮತ್ತೆ, ಕಳ್ಳತನ ಮಾಡುವವರು ನಮ್ಮೂರಿನ ಬಾಕ್ಸಿನ ಡಿಸ್ಕ್ ಬಿಚ್ಚಿಕೊಂಡು ಕೂರೋದಿಲ್ಲ. ಅವರಿಗೆ ಬೇರೆ ದಾರಿ ಬೇಕಾದಷ್ಟಿವೆ. ಸಿಕ್ಕಿಬೀಳೋದು ನಮ್ಮಂಥವರೇ.

ನಾನು ಬೀಗ ತೆಗೆಯಿರಿ ಅಂತಲೂ ಕೇಳುತ್ತಿಲ್ಲ. ಕೀಲಿಯನ್ನು ಬಾಕ್ಸಿಗೆ ಕಟ್ಟುವ ಬದಲು ಗ್ರಾಹಕರ ಖಾತೆಗೆ ಕಟ್ಟಿ. ಬಾಕ್ಸ್ ಬದಲಾದರೂ ಹೆಸರು ಅದೇ, ಮನೆ ಅದೇ, ರೀಚಾರ್ಜ್ ಮಾಡುವ ನಂಬರೂ ಅದೇ. ಹಳೆಯ ಡಿಸ್ಕನ್ನು ಹೊಸ ಬಾಕ್ಸಿಗೆ ಸಿಕ್ಕಿಸಿದರೆ ತೆರೆಯಬೇಕು. ಫೋನಿನ ಸಿಮ್ ಒಂದು ಸೆಟ್‌ನಿಂದ ಇನ್ನೊಂದಕ್ಕೆ ಹಾಕುತ್ತೇವೆ, ನಂಬರ್ ಹೋಗುತ್ತಾ? ಹಾಗೆ.

ಕಂಪನಿ ಬದಲಿಸಿದರೂ ಉಳಿಯಬೇಕು ಅಂತ ಕೇಳಿದರೆ ಅದು ಅತಿಯಾಸೆ ಅಂತ ಯಾರೂ ಅನ್ನಬೇಡಿ. ಒಬ್ಬರ ಬಾಕ್ಸ್ ಇನ್ನೊಬ್ಬರ ಸಿಗ್ನಲ್ಲಿಗೂ ನಡೆಯಬೇಕು ಅಂತ ಫೋನ್, ಟಿವಿ ಕಂಪನಿಗಳ ಮೇಲಿನ ನಿಯಂತ್ರಣ ಸಂಸ್ಥೆಯಾದ ಟ್ರಾಯ್ 2020ರ ಏಪ್ರಿಲ್‌ನಲ್ಲೇ ಸರ್ಕಾರಕ್ಕೆ ಶಿಫಾರಸು ಮಾಡಿದೆ. ನಮ್ಮ ಮನೆಗೆ ನಿನ್ನೆ ಬಂದ ಹೊಸ ಬಾಕ್ಸು ಇವತ್ತಿಗೂ ಒಂದೇ ಕಂಪನಿಗೆ ಅಂಟಿಕೊಂಡದ್ದು.

ಇನ್ನು "ಈಗ ಯಾರು ರೆಕಾರ್ಡ್ ಮಾಡ್ತಾರೆ, ಎಲ್ಲಾ ಆ್ಯಪ್‌ನಲ್ಲಿ ಸಿಗುತ್ತಲ್ವಾ" ಅನ್ನುವವರು. ಬೆಂಗಳೂರಿನ ಗೆಳತಿಯರೇ, ನಿಮಗೆ ಸಿಗುತ್ತೆ. ನಮ್ಮ ಊರಲ್ಲಿ ಸಂಜೆ ಹೊತ್ತು ಫೋನಿಗೆ ನೆಟ್ ಬೇಕೆಂದರೆ ಮಾಳಿಗೆ ಹತ್ತಬೇಕು. ಅವ್ವ ಗದ್ದೆಯಿಂದ ಬಂದು ರೊಟ್ಟಿ ಬಡಿದು ಕೂರುವ ಹೊತ್ತಿಗೆ ಅವಳ ಧಾರಾವಾಹಿ ಮುಗಿದಿರುತ್ತೆ. ಆ್ಯಪ್ ತೆರೆದರೆ ಚಕ್ರ ತಿರುಗುತ್ತಾ ನಿಲ್ಲುತ್ತೆ. ಮೇಲಾಗಿ ಆ್ಯಪ್‌ನಲ್ಲಿ ಎಲ್ಲವೂ ಇರೋದಿಲ್ಲ. ದೊಡ್ಡ ಧಾರಾವಾಹಿ ಇರುತ್ತೆ. ರಾತ್ರಿ ಹತ್ತು ಗಂಟೆಗೆ ಒಂದೇ ಸಲ ಬಂದು ಹೋದ ಬಯಲಾಟ ಯಾರ ಆ್ಯಪ್‌ನಲ್ಲಿದೆ? ಇವತ್ತು ಬೆಳಿಗ್ಗೆ ಚಾನೆಲ್‌ಗೂ ಫೋನ್ ಮಾಡಿದೆ. ಅಷ್ಟು ಹಳೇದು ಇಟ್ಟಿಲ್ಲ ಮೇಡಂ ಅಂದರು.

ಡಿಶ್ ಸಿಗ್ನಲ್ ಮಾತ್ರ ನಮ್ಮ ಮಾಳಿಗೆಗೂ ಬೆಂಗಳೂರಿನ ಅಪಾರ್ಟ್‌ಮೆಂಟಿಗೂ ಒಂದೇ ಥರ ಬರುತ್ತೆ. ಜೋರು ಮಳೆ ಬಂದಾಗ ಸ್ವಲ್ಪ ಹೊತ್ತು ಹೋಗುತ್ತೆ, ನಮ್ಮ ಕಡೆ ಮಳೆ ಬರೋದಾದರೂ ಎಷ್ಟು ದಿನ? ಉಪಗ್ರಹಕ್ಕೆ ನಮ್ಮ ಮಾತು ಕೇಳುವ ದಾರಿ ಇಲ್ಲ ಅನ್ನೋದು ನಿಜ. ಅದು ಕಳಿಸುತ್ತೆ, ನಾವು ತಗೋತೀವಿ. ನಮಗೆ ಬೇಕೆಂದಾಗ ಬೇಕಾದ್ದನ್ನು ಕಳಿಸು ಅಂತ ಕೇಳೋಕೆ ಆಗಲ್ಲ. ಹಾಗಾದರೆ ಬಂದದ್ದನ್ನು ಮನೆಯಲ್ಲೇ ಕೂಡಿಟ್ಟುಕೊಳ್ಳಬೇಕು, ಅಲ್ವಾ? ರೆಕಾರ್ಡಿಂಗೇ ನಮ್ಮ ಪಾಲಿನ ಆ್ಯಪ್. ಅದಕ್ಕೇ ಇಷ್ಟು ಹೊತ್ತು ಅದನ್ನೇ ಹಿಡಿದು ಕೂತಿರೋದು.

ಲೆಕ್ಕ ಹಾಕಿ ನೋಡಿದೆ, ನನ್ನ ಕೆಲಸವೇ ಅದು. ಸಾಮಾನ್ಯ ಚಾನೆಲ್ ಸೆಕೆಂಡಿಗೆ 2 ಮೆಗಾಬಿಟ್ ಅಂತ ಹಿಡಿದರೆ ಗಂಟೆಗೆ 900 ಎಂಬಿ ಬೇಕು. ಐದು ಕನ್ನಡ ಚಾನೆಲ್, ಸಂಜೆ ಮೂರು ಗಂಟೆ, ಏಳು ದಿನ. ಒಟ್ಟು 105 ಗಂಟೆ. 95 ಜಿಬಿಯೂ ಆಗೋದಿಲ್ಲ. ಅವ್ವ ಏನೂ ಒತ್ತದೆ ಬಾಕ್ಸ್ ತಾನೇ ಒಂದು ವಾರದ್ದನ್ನು ಹಿಡಿದಿಡಬಹುದು. ಉಪಗ್ರಹದಲ್ಲಿ ಸಿಗ್ನಲ್ ಕಳಿಸುವ ಒಂದೇ ಟ್ರಾನ್ಸ್‌ಪಾಂಡರ್‌ನಲ್ಲಿ ಹತ್ತಾರು ಚಾನೆಲ್ ಒಟ್ಟಿಗೇ ಇಳಿಯುತ್ತವೆ. ಕನ್ನಡದವನ್ನೆಲ್ಲ ಒಂದೇ ಕಡೆ ಇಟ್ಟರೆ ಬಾಕ್ಸಿನಲ್ಲಿ ಸಿಗ್ನಲ್ ಹಿಡಿಯುವ ಒಂದೇ ಟ್ಯೂನರ್ ಸಾಕು. ರಾತ್ರಿ ಎರಡು ಗಂಟೆಗೆ ಎಲ್ಲರೂ ಮಲಗಿರುವಾಗ ಹಳೆಯ ಒಳ್ಳೆಯ ಕಾರ್ಯಕ್ರಮಗಳನ್ನು ಡಿಸ್ಕಿಗೆ ಇಳಿಸಬಹುದು. ಬೆಳಿಗ್ಗೆ ಎದ್ದರೆ ಅಪ್ಪನಿಗೆ ನೋಡಲು ಏನೋ ಇರುತ್ತೆ, ನೆಟ್ ಇಲ್ಲದೆಯೇ. ಇದಕ್ಕೆ ಬೇಕಾದ ತಂತ್ರ ಹೊಸದೂ ಅಲ್ಲ.

ಕರೆಂಟಿನ ವಿಷಯವೂ ಇದೆ. ಇದೇ ಜಿಲ್ಲೆಯ ಕುಡತಿನಿಯಲ್ಲಿ 1700 ಮೆಗಾವ್ಯಾಟ್ ಉಷ್ಣ ಸ್ಥಾವರ ಇದೆ, ಪಕ್ಕದ ರಾಯಚೂರಿಗೆ ಶಕ್ತಿನಗರ ಇದೆ, ಆದರೂ ನಮ್ಮ ಊರಲ್ಲಿ ಗಾಳಿ ಬೀಸಿದರೆ ಕತ್ತಲೆ. ಕರೆಂಟ್ ಬಂದ ಮೇಲೆ ನಮ್ಮ ಬಾಕ್ಸ್ ಸುಮ್ನೆ ಕೂತಿರುತ್ತಿತ್ತು. ಯಾರಾದರೂ ರಿಮೋಟ್ ಒತ್ತಿದರೆ ಮಾತ್ರ ಏಳುತ್ತಿತ್ತು. ಅರ್ಧ ಆಗಿದ್ದ ರೆಕಾರ್ಡಿಂಗ್ ಅಲ್ಲಿಗೇ ಮುಗಿಯಿತು. ಕರೆಂಟ್ ಬಂದ ಕೂಡಲೇ ತಾನೇ ಎದ್ದು ಉಳಿದದ್ದನ್ನು ಹಿಡಿದರೆ ಏನು ಕಷ್ಟ? ಕಾರ್ಯಕ್ರಮ ಹತ್ತು ನಿಮಿಷ ತಡವಾದರಂತೂ ಕೊನೆಯ ಹತ್ತು ನಿಮಿಷ ಹೋಗಿಯೇ ಹೋಗುತ್ತಿತ್ತು. ಯಾವ ಕಾರ್ಯಕ್ರಮ ನಿಜಕ್ಕೂ ಶುರುವಾಯಿತು ಅಂತ ಸಿಗ್ನಲ್ ಜೊತೆಗೇ ತಿಳಿಸುವ ಏರ್ಪಾಡು ಡಿವಿಬಿ ಅನ್ನುವ ಡಿಜಿಟಲ್ ಟಿವಿ ಪ್ರಸಾರದ ಪದ್ಧತಿಯಲ್ಲೇ ಇದೆ. ಚಾನೆಲ್‌ನವರು ಸರಿಯಾಗಿ ತುಂಬಬೇಕು, ಬಾಕ್ಸ್ ಅದನ್ನು ಓದಬೇಕು. ಹಾಗೇ, ಕನ್ನಡ ಚಾನೆಲ್‌ಗಳ ಪಟ್ಟಿಯನ್ನು ಕನ್ನಡ ಅಕ್ಷರದಲ್ಲಿ ತೋರಿಸಿ. ಅವ್ವನಿಗೆ ಕನ್ನಡ ಓದಲು ಬರುತ್ತೆ. ಹದಿನೈದು ವರ್ಷದಿಂದ ಇಂಗ್ಲಿಷ್ ಅಕ್ಷರದ ಆಕಾರ ನೋಡಿ ಗುರುತು ಹಿಡಿಯುತ್ತಿದ್ದಾಳೆ.

ಇವೆಲ್ಲ ಆದರೆ ಖುಷಿ. ಆಗದಿದ್ದರೂ ತಡೆದುಕೊಂಡೇನು. ಆದರೆ ಮೊದಲಿನದ್ದು ಮಾತ್ರ ಬಿಡೋದಿಲ್ಲ. ಬಾಕ್ಸ್ ಸತ್ತರೆ ಒಳಗಿನದ್ದು ಸಾಯಬಾರದು. ಇದನ್ನು ಇವತ್ತು ಕಂಪನಿಗೆ ಬರೆದಿದ್ದೇನೆ, ಟ್ರಾಯ್‌ಗೂ ಬರೆಯುತ್ತೇನೆ. ನಿಮ್ಮ ಮನೆಯಲ್ಲೂ ಹೀಗಾಗಿದ್ದರೆ ನೀವೂ ಬರೆಯಿರಿ. ಕಾಮೆಂಟಿನಲ್ಲಿ ಬರೆದು ಬಿಡಬೇಡಿ, ಅವರಿಗೆ ಬರೆಯಿರಿ.

ಸಂಜೆ ಬಸ್ ಹತ್ತುವಾಗ ನೋಡಿದೆ. ಅಪ್ಪ ಆ ಹಳೇ ಬಾಕ್ಸನ್ನು ಬಟ್ಟೆಯಲ್ಲಿ ಸುತ್ತಿ ಪೇಟಿಯ ಪಕ್ಕ ಇಟ್ಟಿದ್ದರು. "ಯಾರರ ಬಿಚ್ಚೋರು ಸಿಗಬಹುದು, ಇರ್ಲಿ ಬಿಡವ್ವಾ" ಅಂದರು.

ಒಂದು ಕೋರಿಕೆ. 2018ರ ಬೇಸಿಗೆ, ರಾತ್ರಿ ಹತ್ತರ ಹೊತ್ತು, ಸಿರುಗುಪ್ಪ ಕಡೆಯ ಬಯಲಾಟದ ಕಾರ್ಯಕ್ರಮ. ಎತ್ತರದ ಕರ್ಣ, ಹಿಂದೆ ಬಿಳಿ ಟೊಪ್ಪಿಗೆಯ ಪೇಟಿ ಮಾಸ್ತರು. ನಿಮ್ಮ ಯಾರ ಮನೆಯ ಬಾಕ್ಸಿನಲ್ಲಾದರೂ ಅದು ಇನ್ನೂ ಉಳಿದಿದ್ದರೆ ಹೇಳಿ. ಅಳಿಸಬೇಡಿ, ಬಾಕ್ಸ್ ಬದಲಿಸಬೇಡಿ. ರಾಯಚೂರಾಗಲಿ ಕೊಪ್ಪಳವಾಗಲಿ, ನಾನೇ ಬಂದು ಟಿವಿ ಮುಂದೆ ಫೋನ್ ಹಿಡಿದು ತಗೊಂಡು ಹೋಗುತ್ತೇನೆ. ಅಪ್ಪನನ್ನೂ ಕರೆದುಕೊಂಡು ಬರುತ್ತೇನೆ.